ಬೆಳಗಾವಿಯೂ ಕಡಲಿನ ಎಚ್ಚರಿಕೆಯೂ

ಬೆಳಗಾವಿಗೆ ಸಮುದ್ರವಿಲ್ಲ, ಆದರೂ ಸಮುದ್ರದ ನಂಟು ಆ ಸೀಮೆಗೆ ಹಳೆಯದು. ಖಾನಾಪುರದ ಅಡವಿಯಲ್ಲಿ ಹುಟ್ಟಿದ ಮಹಾದಾಯಿಯು ಘಟ್ಟವನ್ನಿಳಿದು ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಒಂದು ಕಾಲಕ್ಕೆ ಬೆಳಗಾವಿಯ ದಂಡಿಗೆ ವೆಂಗುರ್ಲೆಯೇ ರೇವುಪಟ್ಟಣವಾಗಿದ್ದಿತು. 1888ರಲ್ಲಿ ಲೋಂಡಾದ ಮಾರ್ಗವಾಗಿ ಮರ್ಮಗೋವೆಗೆ ರೈಲುದಾರಿ ತೆರೆದ ಮೇಲೆ ವೆಂಗುರ್ಲೆಯ ವ್ಯಾಪಾರವು ಇಳಿಮುಖವಾಯಿತು.

ಆ ರೇವಿನೆದುರು ಕಡಲಲ್ಲಿ ಬಂಡೆಗಳ ಗುಂಪೊಂದುಂಟು. ಇಂಥ ಅಪಾಯವನ್ನು ನಾವಿಕನಿಗೆ ಸೂಚಿಸಲು ಹಿಂದೆ ಇದ್ದ ಮುಖ್ಯ ಸಾಧನವು ದೀಪ. ಮಹಾದಾಯಿಯ ಅಳಿವೆಯಲ್ಲಿ ಆಗ್ವಾದದ ದೀಪಸ್ತಂಭವು 1864ರಲ್ಲಿ ಎದ್ದಿತು. ಆದರೆ ದೀಪವು ತೋರುವುದು ಸ್ಥಿರವಾದ ಅಪಾಯವನ್ನು ಮಾತ್ರ. ನಿನ್ನೆ ಮುಳುಗಿದ ಹಡಗು, ಇಂದು ಆರಿದ ದೀಪ, ತೇಲಿಬರುವ ಮರದ ದಿಮ್ಮಿ, ಇವನ್ನು ಸಾರುವವರು ಯಾರು?

ನಿಸ್ತಂತು ವಿದ್ಯೆಯು ಈ ಕೊರತೆಯನ್ನು ನೀಗಿತು, ಪೂರ್ತಿಯಾಗಿ ಅಲ್ಲ. 1912ರಲ್ಲಿ ಟೈಟಾನಿಕ್ ಹಡಗಿಗೆ ಹಿಮಗಡ್ಡೆಗಳ ಸುದ್ದಿ ಬಂದಿತ್ತು. ಬಂದುದೆಲ್ಲ ಹಡಗನ್ನು ನಡೆಸುವವರ ಕೈಗೆ ಮುಟ್ಟಲಿಲ್ಲ. ಎಚ್ಚರಿಕೆಯು ಹೊರಟರೆ ಸಾಲದು, ಸೇರಬೇಕಾದವರನ್ನು ಸೇರಬೇಕು.

1977ರಲ್ಲಿ ರಾಷ್ಟ್ರಗಳು ಇದಕ್ಕೊಂದು ಜಾಗತಿಕ ವ್ಯವಸ್ಥೆಯನ್ನು ಕಲ್ಪಿಸಿ ಕಡಲನ್ನು 16 ವಲಯಗಳಾಗಿ ವಿಂಗಡಿಸಿದುವು. ಈಗ ಅವು 21. ನಮ್ಮ 8ನೆಯ ವಲಯದ ಹೊಣೆ ಡೆಹ್ರಾಡೂನಿನ ನೌಕಾ ಜಲಮಾಪನ ಕಚೇರಿಯದು. ಅದೂ ಕಡಲಿಲ್ಲದ ಊರೇ! ದೂರದ ಹಡಗುಗಳಿಗೆ ಉಪಗ್ರಹದ ಮೂಲಕವೂ ಕರಾವಳಿಯ ಹಡಗುಗಳಿಗೆ 518 ಕಿಲೋಹರ್ಟ್ಸ್ ಅಲೆಯಲ್ಲಿಯೂ ಸುದ್ದಿ ಹೋಗುತ್ತದೆ. ಕಾದು ಕೇಳುವವರಿಲ್ಲದಿದ್ದರೂ ಹಡಗಿನ ಯಂತ್ರವು ಅದನ್ನು ತಾನಾಗಿ ದಾಖಲಿಸಿಕೊಳ್ಳುತ್ತದೆ. ಇಂಥ ಪ್ರಸಾರಕ್ಕಾಗಿ ನಮ್ಮ ಕರಾವಳಿಯಲ್ಲಿ ನಿಲಯಗಳನ್ನು ನಿಲ್ಲಿಸಿದಾಗ ಆರಿಸಿದ ಸ್ಥಳಗಳಲ್ಲಿ ವೆಂಗುರ್ಲೆಯೂ ಒಂದು. ಬೆಳಗಾವಿಯ ಸರಕನ್ನು ಕಳೆದುಕೊಂಡ ಆ ರೇವಿಗೆ ನಾವಿಕರ ಪ್ರಾಣರಕ್ಷಣೆಯ ಕೆಲಸವು ದೊರೆತಂತಾಯಿತು.