ಹಳೇ ಸೈಕಲ್ ಪೆಡಲ್ ಬಿಚ್ಚಲು ಬರುತ್ತಿಲ್ಲವೇ? ಸುತ್ತಿಗೆ ಎತ್ತುವ ಮೊದಲು ಇದನ್ನು ಓದಿ

ಶಿಕಾರಿಪುರ, ಸೊರಬ ಕಡೆಯ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒಂದು ಹಳೇ ಸೈಕಲ್ ಒರಗಿರುತ್ತದೆ. ಅದು ಅಜ್ಜನ ಕಾಲದ ಹರ್ಕ್ಯುಲಿಸ್ ಅಥವಾ ಅಟ್ಲಾಸ್ ಇರಬಹುದು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಡಿ ಎಂಟನೇ ತರಗತಿಯಲ್ಲಿ ಅಕ್ಕನಿಗೆ ಸಿಕ್ಕಿದ್ದೂ ಇರಬಹುದು. ಮಳೆಗಾಲದ ನೀರು, ಗದ್ದೆ ದಾರಿಯ ಕೆಸರು ಪೆಡಲ್ ಒಳಗೆ ಸೇರಿದರೆ ಅದು ಜಾಮ್ ಆಗುತ್ತದೆ. ಆಗ ಕೇಳಿಬರುವ ಮೂರು ಸಲಹೆಗಳು ಎಷ್ಟು ನಿಜ? ನೋಡೋಣ.

ಸಲಹೆ 1: ಎರಡೂ ಪೆಡಲ್‌ಗಳನ್ನು ಎಡಕ್ಕೆ ತಿರುಗಿಸಿ ಬಿಚ್ಚಬೇಕು

ತಪ್ಪು. ಬಲ ಪೆಡಲ್‌ಗೆ ಮಾತ್ರ ಮಾಮೂಲಿ ಥ್ರೆಡ್ ಇರುತ್ತದೆ. ಎಡ ಪೆಡಲ್‌ನದು ಉಲ್ಟಾ ಥ್ರೆಡ್. ತುಳಿಯುವಾಗ ಬೀಳುವ ಭಾರಕ್ಕೆ ಪೆಡಲ್ ತಾನಾಗಿಯೇ ಸಡಿಲವಾಗಬಾರದು ಎಂದೇ ಹೀಗೆ ಮಾಡಿರುತ್ತಾರೆ. ಇದು ಗೊತ್ತಿಲ್ಲದೆ ಬಲ ಹಾಕಿದರೆ ಎಡ ಪೆಡಲ್ ಇನ್ನಷ್ಟು ಬಿಗಿಯಾಗುತ್ತದೆ. ಸುತ್ತಿಗೆಯಿಂದ ಹೊಡೆದರೆ ಥ್ರೆಡ್ ಹಾಳಾಗಿ ಕ್ರ್ಯಾಂಕನ್ನೇ ಬದಲಿಸಬೇಕಾದೀತು.

ನೆನಪಿಡಲು ಸುಲಭ ಸೂತ್ರ: ಸ್ಪ್ಯಾನರ್‌ನ ಹಿಡಿ ಮೇಲ್ಮುಖವಾಗಿರಲಿ. ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ, ಮುಂದಿನ ಚಕ್ರದ ಕಡೆ ಎಳೆದರೆ ಬಿಗಿ. ಎರಡೂ ಪೆಡಲ್‌ಗೆ ಇದೇ ಸೂತ್ರ.

ಸಲಹೆ 2: ಕೊಬ್ಬರಿ ಎಣ್ಣೆ ಅಥವಾ ಸೀಮೆಎಣ್ಣೆ ಬಿಟ್ಟರೆ ಸಾಕು

ಸಾಲದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಚಳಿಗಾಲದ ಬೆಳಗ್ಗೆ ಇದನ್ನು ಬಾಟಲಿಯಲ್ಲೇ ನೋಡಿರುತ್ತೀರಿ. ಸೀಮೆಎಣ್ಣೆ ಕೊಳೆ ತೊಳೆಯಲು ಒಳ್ಳೆಯದು. ಆದರೆ ಅದು ಉಳಿದಿದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಕೊನೆಗೆ ಬೇಕಾಗುವುದು ಗ್ರೀಸ್.

ಸಲಹೆ 3: ಹುಣಸೆಹಣ್ಣಿನಿಂದ ತುಕ್ಕು ಹೋಗುತ್ತದೆ

ಭಾಗಶಃ ನಿಜ. ಹುಣಸೆಯ ಆಮ್ಲ ತುಕ್ಕನ್ನು ಕರಗಿಸುತ್ತದೆ. ಆದರೆ ಹೊರಭಾಗಕ್ಕೆ ಮಾತ್ರ ಬಳಸಿ, ಚೆನ್ನಾಗಿ ತೊಳೆದು ಒಣಗಿಸಿ. ಬಾಲ್ಸ್ ಇರುವ ಒಳಭಾಗಕ್ಕೆ ಬೇಡ.

ಸರಿಯಾದ ಕ್ರಮ ಯಾವುದು?

1. ಪೆಡಲ್ ಬಿಚ್ಚಿ, ಅಗಲವಾದ ತಟ್ಟೆಯ ಮೇಲೆ ಹಿಡಿದುಕೊಳ್ಳಿ. ಹೊರತುದಿಯ ಮುಚ್ಚಳ, ನಟ್, ವಾಷರ್, ಕೋನ್ ಇದೇ ಕ್ರಮದಲ್ಲಿ ತೆಗೆಯಿರಿ.
2. ಎರಡೂ ಬದಿಯ ಬಾಲ್ಸ್ ಬೇರೆ ಬೇರೆ ಎಣಿಸಿಡಿ.
3. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಬಾಲ್ಸ್ ಮೇಲೆ ಗುಳಿ ಬಿದ್ದಿದ್ದರೆ ಅಷ್ಟನ್ನೂ ಒಟ್ಟಿಗೆ, ಅದೇ ಅಳತೆಯವಕ್ಕೆ ಬದಲಿಸಿ.
4. ಗ್ರೀಸ್ ತುಂಬಿ ಬಾಲ್ಸ್ ಕೂರಿಸಿ. ಪೆಡಲ್ ಅಲುಗಾಡದೆ, ಆದರೆ ಸಲೀಸಾಗಿ ತಿರುಗುವಷ್ಟು ಮಾತ್ರ ಕೋನ್ ಬಿಗಿಸಿ.
5. ಕ್ರ್ಯಾಂಕಿಗೆ ಹಾಕುವ ಮೊದಲು ಥ್ರೆಡ್‌ಗೂ ಸ್ವಲ್ಪ ಗ್ರೀಸ್ ಹಚ್ಚಿ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ.

ಮುಚ್ಚಳವೇ ಬಿಚ್ಚಲು ಬಾರದ ಅಗ್ಗದ ಪ್ಲಾಸ್ಟಿಕ್ ಪೆಡಲ್ ಆಗಿದ್ದರೆ ಹೊಸದು ಹಾಕುವುದೇ ವಾಸಿ.

ಎಚ್ಚರ: ಸೀಮೆಎಣ್ಣೆ ಕೆಲಸ ಬಯಲಲ್ಲಿ, ಒಲೆಯಿಂದ ದೂರ ಮಾಡಿ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ಮಕ್ಕಳು ನೀರೆಂದು ಕುಡಿದರೆ ಪ್ರಾಣಕ್ಕೇ ಅಪಾಯ.

ಜಾಮ್ ಆದ ಪೆಡಲನ್ನು ಹಾಗೇ ತುಳಿದರೆ ಏನಾಗುತ್ತದೆ?

ಪೆಡಲ್ ತನ್ನ ಆಕ್ಸಲ್ ಮೇಲೆ ತಿರುಗದಿದ್ದರೆ ಪ್ರತಿ ತುಳಿತಕ್ಕೂ ಆಕ್ಸಲ್ಲೇ ತಿರುಗಲು ನೋಡುತ್ತದೆ. ಆ ತಿರುಗು ಎರಡೂ ಬದಿಯಲ್ಲಿ ಬಿಚ್ಚುವ ದಿಕ್ಕಿನದೇ. ಅಂದರೆ ಶಾಲೆಗೆ ಹೊರಟ ಮಗುವಿನ ಕಾಲಡಿಯಲ್ಲೇ ಪೆಡಲ್ ಕಳಚಿಕೊಳ್ಳಬಹುದು. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಒಮ್ಮೆ ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಸದ್ದು ಬಂದರೆ ಗ್ರೀಸ್ ಹಾಕುವ ಸಮಯ ಬಂತೆಂದೇ ಅರ್ಥ.