ಕಾಮಿಕ್ಸ್‌ನಲ್ಲಿ ಡಿಜಿಟಲ್ ವರ್ಣಲೇಪನ

ಡಿಜಿಟಲ್ ವರ್ಣಲೇಪನವು ಕಾಮಿಕ್ಸ್‌ನ ಕಪ್ಪು-ಬಿಳುಪು ರೇಖಾಚಿತ್ರಗಳಿಗೆ ಗಣಕಯಂತ್ರದ ನೆರವಿನಿಂದ ಬಣ್ಣ ತುಂಬುವ ವಿಧಾನವಾಗಿದೆ. ಈ ಕೆಲಸ ಮಾಡುವ ಕಲಾವಿದರನ್ನು ವರ್ಣಕಾರ ಅಥವಾ ಕಲರಿಸ್ಟ್ ಎಂದು ಕರೆಯುತ್ತಾರೆ. ರೇಖೆ ಮತ್ತು ಬಣ್ಣಗಳನ್ನು ಬೇರೆ ಬೇರೆ ಪದರಗಳಲ್ಲಿ ಇಡುವುದು ಇದರ ಮುಖ್ಯ ಲಕ್ಷಣ. ಆದ್ದರಿಂದ ರೇಖೆಗೆ ಧಕ್ಕೆಯಾಗದಂತೆ ಬಣ್ಣವನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದು. ಈ ಸೌಲಭ್ಯದಿಂದ ಹಳೆಯ ಕೃತಿಗಳ ಮರುವರ್ಣಲೇಪನವು ಸುಲಭವಾಗಿದೆ. ಜೊತೆಗೆ, ಬಣ್ಣದ ಕರ್ತೃ ಯಾರು ಎಂಬ ಪ್ರಶ್ನೆಯೂ ಎದ್ದಿದೆ.

ಇತಿಹಾಸ

20ನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕದ ಕಾಮಿಕ್ ಪುಸ್ತಕಗಳ ವರ್ಣಕಾರರು ಪುಟದ ನಕಲಿನ ಮೇಲೆ ಕೈಯಿಂದ ಬಣ್ಣ ಹಚ್ಚಿ, ಪ್ರತಿ ಭಾಗದ ಬಣ್ಣವನ್ನು ಸಂಕೇತಗಳಲ್ಲಿ ಗುರುತಿಸುತ್ತಿದ್ದರು. ಅದನ್ನು ನೋಡಿ ಬೇರೆ ಕೆಲಸಗಾರರು ಸಯಾನ್, ಮೆಜೆಂಟಾ ಮತ್ತು ಹಳದಿ ಶಾಯಿಗಳ ಮುದ್ರಣಕ್ಕೆ ಪ್ರತ್ಯೇಕ ಫಿಲ್ಮ್‌ಗಳನ್ನು ತಯಾರಿಸುತ್ತಿದ್ದರು. ಪ್ರತಿ ಶಾಯಿಯನ್ನು ಶೇಕಡಾ 0, 25, 50 ಮತ್ತು 100 ಎಂಬ ನಾಲ್ಕು ಪ್ರಮಾಣಗಳಲ್ಲಿ ಮಾತ್ರ ಬಳಸುವ ರೂಢಿಯಿದ್ದುದರಿಂದ ಒಟ್ಟು 64 ಬಣ್ಣಗಳಷ್ಟೇ ದೊರೆಯುತ್ತಿದ್ದವು.

ಕತ್ಸುಹಿರೊ ಒಟೊಮೊ ಅವರ ‘ಅಕಿರಾ’ ಮಂಗಾ ಜಪಾನಿನಲ್ಲಿ 1982ರಿಂದ ಬಹುಮಟ್ಟಿಗೆ ಕಪ್ಪು-ಬಿಳುಪಿನಲ್ಲಿ ಪ್ರಕಟವಾಯಿತು. ಮಾರ್ವೆಲ್‌ನ ಎಪಿಕ್ ಕಾಮಿಕ್ಸ್ 1988ರಿಂದ ಹೊರತಂದ ಅದರ ಇಂಗ್ಲಿಷ್ ಆವೃತ್ತಿಗೆ ಸ್ಟೀವ್ ಆಲಿಫ್ ಮತ್ತು ಅವರ ತಂಡವು ಗಣಕಯಂತ್ರದ ಮೂಲಕ ಬಣ್ಣ ತುಂಬಿತು. ಐಸ್ನರ್ ಪ್ರಶಸ್ತಿಯಲ್ಲಿ ವರ್ಣಲೇಪನದ ವಿಭಾಗ ಆರಂಭವಾದ 1992ರಲ್ಲಿ ಅದನ್ನು ಮೊದಲು ಪಡೆದವರು ಆಲಿಫ್. 1990ರಲ್ಲಿ ಬಿಡುಗಡೆಯಾದ ಅಡೋಬಿ ಫೋಟೋಶಾಪ್ ಮುಂದೆ ಈ ಕ್ಷೇತ್ರದ ಪ್ರಧಾನ ತಂತ್ರಾಂಶವಾಯಿತು.

ವಿಧಾನ

1. ರೇಖೆಯ ಸಿದ್ಧತೆ: ಶಾಯಿಯ ಚಿತ್ರವನ್ನು ಸ್ಕ್ಯಾನ್ ಮಾಡಿ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಇಡಲಾಗುತ್ತದೆ. ಈ ಪದರಕ್ಕೆ ‘ಮಲ್ಟಿಪ್ಲೈ’ ಆಯ್ಕೆಯನ್ನು ನೀಡಿದಾಗ ಬಿಳಿಯ ಭಾಗ ಪಾರದರ್ಶಕವಾಗಿ, ಕೆಳಗಿನ ಬಣ್ಣ ಕಾಣಿಸುತ್ತದೆ. ಕಪ್ಪು ರೇಖೆ ಹಾಗೆಯೇ ಉಳಿಯುತ್ತದೆ.

2. ಫ್ಲಾಟಿಂಗ್: ಮುಖ, ಕೂದಲು, ಉಡುಪು, ಆಕಾಶ ಮುಂತಾದ ಪ್ರತಿ ಭಾಗಕ್ಕೂ ಒಂದೊಂದು ಸಮತಟ್ಟಾದ ಬಣ್ಣವನ್ನು ತುಂಬಲಾಗುತ್ತದೆ. ಇವು ಅಂತಿಮ ಬಣ್ಣಗಳೇ ಆಗಿರಬೇಕಿಲ್ಲ. ಆಯಾ ಭಾಗವನ್ನು ಒಂದೇ ಕ್ಲಿಕ್ಕಿನಲ್ಲಿ ಆಯ್ದುಕೊಳ್ಳಲು ಅನುಕೂಲವಾಗುವುದೇ ಇದರ ಉದ್ದೇಶ. ಅಂಚಿನಲ್ಲಿ ಎರಡು ಬಣ್ಣಗಳು ಬೆರೆತರೆ ಆಯ್ಕೆ ಕೆಡುವುದರಿಂದ ಅಂಚನ್ನು ಮೃದುಗೊಳಿಸುವ ಸೌಲಭ್ಯವನ್ನು ನಿಲ್ಲಿಸಿರುತ್ತಾರೆ. ಅನೇಕ ವೇಳೆ ಈ ಹಂತವನ್ನು ಪ್ರತ್ಯೇಕ ಸಹಾಯಕರು ನಿರ್ವಹಿಸುತ್ತಾರೆ.

3. ನೆರಳು-ಬೆಳಕು: ಬೆಳಕಿನ ಮೂಲವನ್ನು ನಿರ್ಧರಿಸಿ ನೆರಳು ಮತ್ತು ಹೊಳಪನ್ನು ಸೇರಿಸಲಾಗುತ್ತದೆ. ಸ್ಪಷ್ಟ ಅಂಚಿನ ನೆರಳನ್ನು ‘ಕಟ್’ ಶೈಲಿ ಎಂದೂ, ಕ್ರಮೇಣ ಕರಗುವ ಕುಂಚಗೆಲಸವನ್ನು ಚಿತ್ರಕಲಾ ಶೈಲಿ ಎಂದೂ ಗುರುತಿಸುವುದುಂಟು.

4. ರೇಖೆಗೆ ಬಣ್ಣ: ಬೆಂಕಿ, ಮಿಂಚು, ದೂರದ ಬೆಟ್ಟ ಮೊದಲಾದವುಗಳ ಕಪ್ಪು ರೇಖೆಯನ್ನೇ ಬಣ್ಣಕ್ಕೆ ತಿರುಗಿಸಲಾಗುತ್ತದೆ. ಇದಕ್ಕೆ ‘ಕಲರ್ ಹೋಲ್ಡ್’ ಎಂದು ಹೆಸರು.

ಕ್ಲಿಪ್ ಸ್ಟುಡಿಯೋ ಪೇಂಟ್ ಮತ್ತು ಮುಕ್ತ ತಂತ್ರಾಂಶವಾದ ಕ್ರಿಟಾಗಳಲ್ಲಿಯೂ ಈ ಎಲ್ಲ ಹಂತಗಳನ್ನು ನಿರ್ವಹಿಸಬಹುದು.

ಮುದ್ರಣ

ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣವನ್ನು ತೋರಿಸಿದರೆ, ಮುದ್ರಣವು ಸಯಾನ್, ಮೆಜೆಂಟಾ, ಹಳದಿ ಮತ್ತು ಕಪ್ಪು ಶಾಯಿಗಳನ್ನು ಅವಲಂಬಿಸಿದೆ. ಪರದೆಯ ಮೇಲೆ ಉಜ್ವಲವಾಗಿರುವ ಹಸಿರು ಮತ್ತು ನೀಲಿಗಳು ಕಾಗದದಲ್ಲಿ ಮಂಕಾಗಬಹುದು. ನಾಲ್ಕು ಶಾಯಿಗಳ ಅಚ್ಚು ತುಸು ಸರಿದರೂ ರೇಖೆಯ ಪಕ್ಕದಲ್ಲಿ ಬಿಳಿಯ ಸಂದು ಕಾಣುತ್ತದೆ. ಇದನ್ನು ತಪ್ಪಿಸಲು ಬಣ್ಣವನ್ನು ಕಪ್ಪು ರೇಖೆಯ ಅಡಿಯವರೆಗೂ ವಿಸ್ತರಿಸಲಾಗುತ್ತದೆ.

ಮರುವರ್ಣಲೇಪನದ ಚರ್ಚೆ

ಅಲನ್ ಮೂರ್ ಬರೆದು ಬ್ರಯನ್ ಬೋಲಂಡ್ ಚಿತ್ರಿಸಿದ ‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ 1988ರಲ್ಲಿ ಜಾನ್ ಹಿಗ್ಗಿನ್ಸ್ ಅವರ ತೀವ್ರವಾದ, ಅಸಹಜ ಬಣ್ಣಗಳೊಂದಿಗೆ ಪ್ರಕಟವಾಯಿತು. 2008ರ ಆವೃತ್ತಿಗೆ ಬೋಲಂಡ್ ಸ್ವತಃ ಹೊಸದಾಗಿ ಬಣ್ಣ ತುಂಬಿದರು. ಇದರಲ್ಲಿ ವರ್ಣಗಳು ಸೌಮ್ಯವಾಗಿವೆ. ಪೂರ್ವಕಥೆಯ ದೃಶ್ಯಗಳು ಬಹುತೇಕ ವರ್ಣರಹಿತವಾಗಿದ್ದು, ಆಯ್ದ ವಸ್ತುಗಳು ಮಾತ್ರ ಕೆಂಪಾಗಿವೆ. ಮಾತು ಮತ್ತು ಚಿತ್ರಗಳು ಹೆಚ್ಚುಕಡಿಮೆ ಅವೇ ಆಗಿದ್ದರೂ ಕಥೆಯ ಭಾವ ಬೇರೆಯಾಗಿದೆ. ಚಿತ್ರಕಾರನ ಮೂಲ ಉದ್ದೇಶ ಈಗ ಈಡೇರಿತೆಂಬುದು ಒಂದು ವಾದ. ಓದುಗರು ಎರಡು ದಶಕ ಕಂಡ ಕೃತಿಯಿಂದ ವರ್ಣಕಾರನ ಪಾಲನ್ನು ಅಳಿಸಿದಂತಾಯಿತೆಂಬುದು ಪ್ರತಿವಾದ. ಇದಕ್ಕೆ ಭಿನ್ನವಾಗಿ, ‘ವಾಚ್‌ಮೆನ್’ನ 2005ರ ಆವೃತ್ತಿಯ ಬಣ್ಣಗಳ ಪರಿಷ್ಕರಣೆಯಲ್ಲಿ ಅದರ ಮೂಲ ವರ್ಣಕಾರರಾದ ಹಿಗ್ಗಿನ್ಸ್ ಅವರೇ ಪಾಲ್ಗೊಂಡಿದ್ದರು.