ಚದುರಂಗಿ, ಗಂಧ, ಬೆಂಕಿ: ಮೈಸೂರು ಸೀಮೆಯ ಲಂಟಾನದ ಚರಿತ್ರೆ

ಕ್ರಿ.ಶ. 1025ರ ಸುಮಾರಿನಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದದ ನಿರೂಪಣೆಯಿದೆ. ಜೈನಕವಿ ಕೀರ್ತಿವರ್ಮನ ‘ಗೋವೈದ್ಯ’ ದನಕರುಗಳ ರೋಗಗಳನ್ನೂ ಔಷಧಿಗಳನ್ನೂ ಹೇಳುತ್ತದೆ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಜಂಗಮವಿಷದೊಡನೆ ಸ್ಥಾವರವಿಷವನ್ನೂ ವಿವೇಚಿಸುತ್ತದೆ. ದನ ತಿಂದರೆ ಯಕೃತ್ತು ಕೆಡಿಸುವ, ಇಂದು ಚಾಮುಂಡಿ ಬೆಟ್ಟದ ಇಳಿಜಾರುಗಳನ್ನೆಲ್ಲ ಹಬ್ಬಿರುವ ಲಂಟಾನವು ಈ ಮೂವರ ಕಾಲಕ್ಕೆ ನಾಡಿನಲ್ಲಿ ಇದ್ದಿದ್ದರೆ ಮೂರು ಗ್ರಂಥಗಳಲ್ಲೂ ಅದಕ್ಕೆ ಸಹಜವಾದ ಸ್ಥಾನವಿರುತ್ತಿತ್ತು. ಆದರೆ ಆಗ ಅದು ಇಲ್ಲಿರಲಿಲ್ಲ. ‘ಚದುರಂಗಿ’ ಎಂಬ ಕನ್ನಡ ಹೆಸರಿನ ಅಚ್ಚುಕಟ್ಟನ್ನು ನೋಡಿ ಈ ಗಿಡವನ್ನು ಹಳೆಯದೆಂದು ಭಾವಿಸುವವರುಂಟು. ಹೆಸರು ನಮ್ಮದು, ಗಿಡ ಹೊರಗಿನದು.

ಉಷ್ಣವಲಯದ ಅಮೆರಿಕದಿಂದ ಯುರೋಪಿನ ಗಾಜಿನಮನೆಗಳಿಗೆ ಹೋಗಿ, ಅಲ್ಲಿ ಬಣ್ಣಬಣ್ಣದ ಮಿಶ್ರತಳಿಗಳಾಗಿ ಬೆಳೆದ ಈ ಪೊದೆ 19ನೆಯ ಶತಮಾನದ ಮೊದಲ ದಶಕದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನವನ್ನು ಸೇರಿತು. ಅಲ್ಲಿಂದ ಬಂಗಲೆಗಳ ಬೇಲಿಗೆ, ಬೇಲಿಯಿಂದ ಹಕ್ಕಿಯ ಹೊಟ್ಟೆಯ ಮೂಲಕ ಕಾಡಿಗೆ ದಾಟಿತು. ಆ ಶತಮಾನ ಮುಗಿಯುವ ಹೊತ್ತಿಗೆ ಕೊಡಗು ಮತ್ತು ಮೈಸೂರಿನ ಅರಣ್ಯಾಧಿಕಾರಿಗಳಿಗೆ ಅದು ದೊಡ್ಡ ತಲೆನೋವಾಗಿತ್ತು.

ಮೈಸೂರಿನ ಮಟ್ಟಿಗೆ ಈ ಚಿಂತೆಯ ಕೇಂದ್ರದಲ್ಲಿದ್ದುದು ಶ್ರೀಗಂಧ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಘೋಷಿಸಿದ ಮೇಲೆ ಆ ಮರದ ಮೇಲಿನ ಸರ್ಕಾರದ ಏಕಸ್ವಾಮ್ಯವನ್ನು ಒಡೆಯರ ಆಡಳಿತವೂ ಬಿಟ್ಟುಕೊಡಲಿಲ್ಲ. 1899ರಲ್ಲಿ ಕೊಡಗಿನಿಂದ ಗಂಧದ ಸ್ಪೈಕ್ ರೋಗದ ವರದಿ ಬಂದಿತು. ಎಲೆ ಕಿರಿದಾಗಿ, ಕೊಂಬೆ ಮುಳ್ಳಿನಂತೆ ನಿಗುರಿ, ಮರ ಕೆಲವೇ ವರ್ಷಗಳಲ್ಲಿ ಒಣಗುವ ರೋಗವದು; ಬೇಗನೆ ಮೈಸೂರಿನ ಕಾಡುಗಳಿಗೂ ಹಬ್ಬಿತು. ಲಂಟಾನ ದಟ್ಟವಾಗಿದ್ದೆಡೆಯಲ್ಲೇ ರೋಗವೂ ಕಾಣುತ್ತಿದ್ದುದರಿಂದ ಸಂಶಯವು ಲಂಟಾನದ ಮೇಲೆ ಬಿದ್ದುದು ಆಶ್ಚರ್ಯವಲ್ಲ. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ರೋಗವು ಕಸಿಯ ಮೂಲಕ ಮರದಿಂದ ಮರಕ್ಕೆ ಹರಡುತ್ತದೆಂದು 1917ರಲ್ಲಿ ತೋರಿಸಿಕೊಟ್ಟನು. ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದ ಕಾಲವೂ ಅದೇ. ರೋಗದ ಮೂಲವು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯೆಂದು ತಿಳಿಯಲು 1969ರವರೆಗೆ ಕಾಯಬೇಕಾಯಿತು.

ಈ ಪ್ರಕರಣದಲ್ಲಿ ಒಂದು ವಿಪರ್ಯಾಸವಿದೆ. ಗಂಧವು ಅರೆಪರಾವಲಂಬಿ, ಅದರ ಬೇರು ನೆರೆಗಿಡದ ಬೇರನ್ನು ಹೀರಿಯೇ ಬದುಕಬೇಕು. ಪಿಕಳಾರದಂತಹ ಹಕ್ಕಿಗಳು ಲಂಟಾನದ ಪೊದೆಯಲ್ಲಿ ಕುಳಿತು ಗಂಧದ ಬೀಜವನ್ನು ಹಿಕ್ಕೆಯೊಡನೆ ಉದುರಿಸುತ್ತವೆ. ಎಳೆಯ ಸಸಿಗೆ ಪೊದೆಯೇ ನೆರಳು, ದನದ ಬಾಯಿಂದ ರಕ್ಷಣೆ, ಬೇರಿಗೆ ಆಹಾರ. ರಾಜವೃಕ್ಷದ ಶತ್ರುವೆಂದು ಶಂಕೆಗೊಳಗಾದ ಗಿಡವೇ ಅದರ ದಾದಿಯೂ ಆಗಿತ್ತು.

ಕೀಟಗಳಿಂದ ಲಂಟಾನವನ್ನು ಹತ್ತಿಕ್ಕುವ ಆಲೋಚನೆಯೂ ಆ ದಿನಗಳದೇ. ವೈ. ರಾಮಚಂದ್ರ ರಾವ್ ಅವರು ಭಾರತ ಮತ್ತು ಬರ್ಮಾಗಳಲ್ಲಿ ಈ ಗಿಡವನ್ನು ತಿನ್ನುವ ಕೀಟಗಳನ್ನು ಸಮೀಕ್ಷಿಸಿ 1920ರಲ್ಲಿ ವರದಿ ಪ್ರಕಟಿಸಿದರು. ದೇಶೀಯ ಕೀಟಗಳು ಹಲವಿದ್ದರೂ ಲಂಟಾನವನ್ನು ತಡೆಯಬಲ್ಲುದು ಒಂದೂ ಇರಲಿಲ್ಲ. 1921ರಲ್ಲಿ ಹವಾಯಿಯಿಂದ, 1941ರಲ್ಲಿ ಆಸ್ಟ್ರೇಲಿಯದಿಂದ ತಂದ ಕೀಟಗಳಿಂದಲೂ ಹೇಳಿಕೊಳ್ಳುವಂತಹ ಫಲ ದೊರೆಯಲಿಲ್ಲ.

ಹೆಚ್ಚು ಬೆಳಕು ಚೆಲ್ಲುವ ಸಾಕ್ಷ್ಯ ದೊರೆಯುವುದು ಬಿಳಿಗಿರಿರಂಗನ ಬೆಟ್ಟದಲ್ಲಿ. 1997ರವರೆಗೆ ಅದು ಮೈಸೂರು ಜಿಲ್ಲೆಗೇ ಸೇರಿತ್ತು. ಅಲ್ಲಿನ ಸೋಲಿಗರು ವರ್ಷದ ಆರಂಭದಲ್ಲಿ, ತರಗೆಲೆ ಇನ್ನೂ ತೆಳುವಾಗಿರುವಾಗಲೇ, ನೆಲಮಟ್ಟದ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಅರಣ್ಯ ಇಲಾಖೆ ಅದನ್ನು ನಿಷೇಧಿಸಿದ ಮೇಲೆಯೇ ಲಂಟಾನ ಕಾಡನ್ನು ನುಂಗಿತೆಂಬುದು ಸೋಲಿಗರ ವಾದ. ಜೈನ ಶ್ರಾವಕಾಚಾರ ಬಲ್ಲವರಿಗೆ ಈ ಮಾತು ಕಸಿವಿಸಿ ತರಬಹುದು. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ವು ಶ್ರಾವಕನು ತೊರೆಯಬೇಕಾದ 15 ಕರ್ಮಾದಾನಗಳಲ್ಲಿ ಕಾಡಿಗೆ ಬೆಂಕಿಯಿಡುವುದನ್ನೂ ಎಣಿಸುತ್ತದೆ. ಅಸಂಖ್ಯ ಜೀವಗಳನ್ನು ದಹಿಸುವ ದವಾಗ್ನಿಯನ್ನು ಕಂಡವರಿಗೆ ಆ ನಿಷೇಧದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸಣ್ಣ ಬೆಂಕಿಯನ್ನು ತಡೆದ ಕಾಡಿನಲ್ಲಿ ದೊಡ್ಡ ಬೆಂಕಿಗೆ ಉರುವಲು ಕೂಡಿಬರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದಾಗ ಒಣಗಿದ ಲಂಟಾನವೇ ಜ್ವಾಲೆಗೆ ಮೈಕೊಟ್ಟಿತ್ತು. ಹಾಗೆಂದು ಇಂದು ತರಗು ಬೆಂಕಿಗೆ ಮರಳಿದರೆ ಸಾಕೆನ್ನುವುದೂ ಸರಿಯಲ್ಲ. ಪೊದೆ ಒಮ್ಮೆ ದಟ್ಟೈಸಿದ ಮೇಲೆ ಬೆಂಕಿ ಮರಗಳ ಸಸಿಗಳನ್ನು ಕೊಲ್ಲುತ್ತದೆ. ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ‘ಬೆಂಕಿ–ಲಂಟಾನ ಚಕ್ರ’ವೆಂದು ಮುಂದಿಟ್ಟ ಊಹೆಯ ತಿರುಳೂ ಇದೇ. ಸೋಲಿಗರ ಅರಿವಿಗೆ ಕಾಲವಿತ್ತು. ಆ ಕಾಲದಲ್ಲಿ ಕೇಳುವ ಕಿವಿಗಳಿರಲಿಲ್ಲ.

ಚಾಮುಂಡಿ ಬೆಟ್ಟದ ಸಮಸ್ಯೆಯನ್ನು ಈ ಚರಿತ್ರೆಯ ಬೆಳಕಿನಲ್ಲಿ ನೋಡಬೇಕು. ಅದು ಕುರುಚಲು ಮತ್ತು ಒಣ ಎಲೆಯುದುರುವ ಕಾಡಿನ ಬೆಟ್ಟ. ದಿಂಡಿಗ, ಕಗ್ಗಲಿ, ಕಾರೆ, ಕವಳಿ, ಬಂದರಿಕೆ, ಮುತ್ತುಗ, ನೆಲ್ಲಿ ಇಂತಹ ನೆಲದ ಹಕ್ಕುದಾರರು. ಲಂಟಾನವನ್ನು ಬುಡಮಟ್ಟಕ್ಕೆ ಕೊಯ್ದರೆ ಒಂದೇ ಮಳೆಗಾಲದಲ್ಲಿ ಹಿಂದಿಗಿಂತ ಒತ್ತಾಗಿ ಬರುತ್ತದೆ. ದೆಹಲಿ ವಿಶ್ವವಿದ್ಯಾನಿಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ತಾಯಿಬೇರನ್ನು ಮಣ್ಣಿನ ಮೇಲ್ಮೈಯಿಂದ ಕೆಲವು ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ಬೇರು ಮೇಲಾಗಿ ಕವುಚಿ ಒಣಗಿಸುತ್ತಾರೆ. ಆಮೇಲೆ ಹಕ್ಕಿಗಳು ಕೂರುವ ಮರಗಳಡಿಯಲ್ಲಿ ಹುಟ್ಟುವ ಸಸಿಗಳನ್ನು ವರ್ಷವರ್ಷವೂ ಕೀಳಬೇಕು. ತೆರವಾದ ನೆಲಕ್ಕೆ ಸ್ಥಳೀಯ ಹುಲ್ಲು ಮತ್ತು ದ್ವಿದಳ ಸಸ್ಯಗಳು ಬೇಗನೆ ಬರಬೇಕು. ಪತ್ರಿಕೆಗಳಲ್ಲಿ ಚಿತ್ರ ಬರುವುದು ಕಡಿಯುವ ದಿನ. ಕಾಡು ಮರಳುವುದು ಆಮೇಲಿನ ವರ್ಷಗಳ ದುಡಿಮೆಯಲ್ಲಿ. ಅದಕ್ಕೆ ಹಣವೂ ಜನವೂ ದೊರೆಯುವುದು ಕಷ್ಟ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಪೀಠೋಪಕರಣ ಹೆಣೆಯುತ್ತಾರೆ. ಕಾಡಿನಲ್ಲಿ ಹಬ್ಬಿರುವ ಪ್ರಮಾಣಕ್ಕೆ ಹೋಲಿಸಿದರೆ ಬಳಕೆ ಅತ್ಯಲ್ಪ. ಆದರೂ ಜೀವನೋಪಾಯವಾಗಿ ಅದು ಗಣ್ಯ. ಬೆಟ್ಟದ ಕೆಲಸಕ್ಕೆ ಅವರಂತಹವರ ಕಣ್ಣೂ ಬೇಕು. ಕವುಚಲಿರುವ ಪ್ರತಿ ಪೊದೆಯನ್ನೂ ಮೊದಲು ಬಿಡಿಸಿ ನೋಡಿ, ಒಳಗೆ ಗಂಧದ ಸಸಿಯಿದ್ದರೆ ಗುರುತು ಹಾಕಿ, ಅದರ ಬೇರಿಗೆ ಇನ್ನೊಂದು ದೇಶೀಯ ಆಸರೆಗಿಡ ಒದಗುವವರೆಗೆ ಅಷ್ಟೊಂದು ಲಂಟಾನವನ್ನು ಬಿಟ್ಟು ಮುಂದೆ ಸಾಗಬಲ್ಲ ಕಣ್ಣು.